ಎರಡೂವರೆ ಕಿಲೋದ ಪರೀಕ್ಷೆ

ನಮ್ಮೂರಲ್ಲಿ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಆಗೋದಿಲ್ಲ. ಗಂಡು ಹೆಣ್ಣು ಇಬ್ಬರೂ ನೆಲ ಬಿಟ್ಟು ಒಂದು ಗೇಣು ಮೇಲೆ ಏಳಬೇಕು. ಏಳಿಸೋದು ನಮ್ಮನೆಯವರ ಕೆಲಸ. ಅವರು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತಾರೆ. ಮೂರನೇ ಗಂಟು ಬಿದ್ದ ತಕ್ಷಣ ಪುರೋಹಿತರು ಕೈ ಎತ್ತುತ್ತಾರೆ, ಇವರು ಕಣ್ಣು ಮುಚ್ಚಿ ದಪ್ಪ ತಂತಿ ಮೀಟ್ತಾರೆ, ಹಸೆಮಣೆ ಸಮೇತ ಇಬ್ಬರೂ ಮೆಲ್ಲಗೆ ಏಳ್ತಾರೆ. ಒಂಬತ್ತು ಎಣಿಸೋ ತನಕ ಮೇಲಿದ್ರೆ ಮದುವೆ ಆಯ್ತು, ಎಲೆ ಹಾಕಬಹುದು. ಎಂಟಕ್ಕೇ ಇಳಿದ್ರೆ ಇನ್ನೊಂದು ಸಲ. ಗಂಡು ಮಾತ್ರ ಎದ್ದು ಹೆಣ್ಣು ಏಳದೇ ಹೋದ ಮದುವೇನೂ ನೋಡಿದ್ದೀನಿ. ಆವತ್ತು ಹುಡುಗಿ ಮಡಿಲಲ್ಲಿ ಅವಳ ಸೋದರತ್ತೆ ಒಂದು ಹಿತ್ತಾಳೆ ಕೊಳಗ ಇಟ್ಟು ಮರೆತಿದ್ರು, ಅದನ್ನ ತೆಗೆದ ಮೇಲೆ ಸರಿಹೋಯ್ತು.

ದಪ್ಪ ಸದ್ದು ಎತ್ತುತ್ತೆ ಅನ್ನೋದು ನಮಗೆ ಹುಟ್ಟಿದಾಗಿಂದ ಗೊತ್ತು, ಅದಕ್ಕೆ ತಕ್ಕ ಹಾಗೆ ಬದುಕ್ತೀವಿ. ಎಮ್ಮೆ ಕೂಗಿದಾಗ ಹಾಲಿನ ಚೊಂಬನ್ನ ಎರಡೂ ಕೈಲಿ ಹಿಡ್ಕೋತೀವಿ. ದೋಸೆ ಹಿಟ್ಟು ರುಬ್ಬೋ ಗ್ರೈಂಡರನ್ನ ಕಿಟಕಿ ಸರಳಿಗೆ ಕಟ್ಟಿರ್ತೀವಿ. ಗುಡುಗೋ ಕಾಲಕ್ಕೆ ಹಂಚಿನ ಮೇಲೆ ಕಲ್ಲು, ಮುದುಕರ ಸೊಂಟಕ್ಕೆ ಹಗ್ಗ. ಡೋಲಿಗೆ ಊರೊಳಗೆ ಅಪ್ಪಣೆ ಇಲ್ಲ, ಮದುವೆಗೆ ಬರೀ ನಾಗಸ್ವರ. ಆಟೋ, ಲಾರಿ ಎಲ್ಲ ಊರಾಚೆ ಹುಣಸೆಮರದ ಹತ್ತಿರವೇ ನಿಲ್ಲಬೇಕು. ಒಬ್ಬ ಆಟೋದವನು ಹಟ ಮಾಡಿ ಒಳಗೆ ಬಂದ, ಕೊನೆಗೆ ಅವನನ್ನ ಅಂಚೆ ಕಚೇರಿ ಮಹಡಿ ಮೇಲಿಂದ ಏಣಿ ಹಾಕಿ ಇಳಿಸಿಕೊಂಡ್ರು. ತಳ್ಳುಗಾಡಿ ಕೂಡ ಕಲ್ಲುಹಾಸಿನ ಮೇಲೆ ಗುಡುಗುಡು ಅಂತ ಶುರುವಾದ್ರೆ ಚಕ್ರ ಗಾಳೀಲಿ ತಿರುಗ್ತಿರುತ್ತೆ, ತಳ್ಳೋರು ಹಿಂದೆ ಕಾಲಾಡಿಸ್ತಿರ್ತಾರೆ. ಹಾಗಾಗಿ ನಮ್ಮಲ್ಲಿ ಭಾರ ಅನ್ನೋದನ್ನ ಮನುಷ್ಯರೇ ಹೊರಬೇಕು.

ನಮ್ಮನೆ ಭಾರದ ಹೆಸರು ದೊಡ್ಡಪ್ಪ. ಅದೊಂದು ಆಂಪ್ಲಿಫೈಯರ್ರು. ಮೊದಲು ನಮ್ಮನೆಯವರ ದೊಡ್ಡಪ್ಪನದಾಗಿತ್ತು, ಅವರು ತೀರಿಕೊಂಡ ಮೇಲೆ ಪೆಟ್ಟಿಗೆ ಇವರಿಗೆ ಬಂತು, ಹೆಸರು ಪೆಟ್ಟಿಗೆಗೇ ಅಂಟಿಕೊಂತು. ಸ್ಪೀಕರ್ ಡಬ್ಬಗಳು ಎಲ್ಲ ಛತ್ರಗಳಲ್ಲೂ ಗೋಡೆಗೆ ಬಿಗಿದಿರ್ತವೆ. ಅವಕ್ಕೆ ಬಲ ಕೊಡೋ ಆಂಪ್ಲಿಫೈಯರನ್ನ ಮಾತ್ರ ನುಡಿಸೋರೇ ತಗೊಂಡು ಹೋಗಬೇಕು. ದೊಡ್ಡಪ್ಪ ಮೂವತ್ತೆಂಟು ಕಿಲೋ. ಕಬ್ಬಿಣದ ಮೈ, ಒಳಗೆ ಕುಂಬಳಕಾಯಿ ಗಾತ್ರದ ಟ್ರಾನ್ಸ್‌ಫಾರ್ಮರ್ರು, ಎರಡು ಪಕ್ಕಕ್ಕೆ ಎರಡು ಹಿಡಿ. ಬಲಗಡೆ ಹಿಡಿ ಅವರದು, ಎಡಗಡೆ ಹಿಡಿ ನಂದು. ಇಪ್ಪತ್ತಾರು ವರ್ಷ ಹೀಗೇ ಹೊತ್ತಿದ್ದೀವಿ.

ಛತ್ರ ಸೇರಿದ ಮೇಲೂ ನನಗೆ ಕೆಲಸ ಇರ್ತಿತ್ತು. ತಂತಿ ಮೀಟಿದಾಗ ದೊಡ್ಡಪ್ಪನ ಮುಚ್ಚಳ ಗಡಗಡ ಅನ್ನುತ್ತೆ. ಅದನ್ನ ಅಂಗೈಯಲ್ಲಿ ಒತ್ತಿ ಹಿಡ್ಕೊಂಡು ನಾನು ಎಣಿಸ್ತಿದ್ದೆ. ಇವರು ಕಣ್ಣು ಮುಚ್ಚಿಕೊಂಡೇ ಕೇಳೋರು, “ಎದ್ರಾ?” “ಎದ್ರು.” “ಆಯ್ತಾ?” “ಆಯ್ತು, ಬಿಡಿ.” ನುಡಿಸೋರೂ ಏಳಲ್ಲ, ಆಂಪ್ಲಿಫೈಯರ್ ಮುಟ್ಟಿಕೊಂಡಿರೋರೂ ಏಳಲ್ಲ. ನೂರಾರು ಜೋಡಿ ನನ್ನ ಕಣ್ಣೆದುರಿಗೆ ಎದ್ದಿವೆ, ಮುಂದಿನ ಮೂರು ಸಾಲಿನ ನೆಂಟರೂ ಪುಕ್ಕಟೆ ಎದ್ದು ಇಳಿದಿದ್ದಾರೆ. ನಾನು ಎದ್ದಿದ್ದು ಒಂದೇ ಸಲ, ನನ್ನ ಮದುವೇಲಿ. ಅದೂ ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದೆ, ಏನೂ ನೆನಪಿಲ್ಲ.

ಗೋಳು ಹೇಳ್ಕೊಂತಿದ್ದೀನಿ ಅಂದ್ಕೋಬೇಡಿ. ವಿಷಯ ಏನಪ್ಪಾ ಅಂದ್ರೆ, ನಮ್ಮನೆಯವರು ಮನೇಲಿ ಮಾತಾಡೋ ಪೈಕಿ ಅಲ್ಲ. “ಉಪ್ಪು” ಅಂತಾರೆ, “ಹ್ಞೂಂ” ಅಂತಾರೆ, ಹಬ್ಬದ ದಿನ “ಚೆನ್ನಾಗಿದೆ” ಅಂತಾರೆ, ಅಲ್ಲಿಗೆ ಮುಗೀತು. ಆದ್ರೆ ಮೂವತ್ತೆಂಟು ಕಿಲೋ ಹೊತ್ತುಕೊಂಡು ಒಂದೇ ಉಸಿರಿಗೆ ಛತ್ರ ಸೇರೋಕೆ ಯಾರಿಗೂ ಆಗಲ್ಲ. ದಾರೀಲಿ ಏಳು ಕಡೆ ಇಳಿಸ್ತಿದ್ವಿ. ಇಳಿಸಿದ ಕಡೆ ದೊಡ್ಡಪ್ಪನ ಆ ಪಕ್ಕ ಅವರು, ಈ ಪಕ್ಕ ನಾನು ಕೂತ್ಕೊಂಡ್ರೆ ಸಾಕು, ಇವರ ಬಾಯಿ ಬಿಚ್ಕೊಳ್ಳೋದು. ಮಗಳಿಗೆ ಹೆಸರು ಹುಡುಕಿದ್ದು ಮೂರನೇ ಕಡೆ, ಅಂಚೆ ಡಬ್ಬದ ಪಕ್ಕ. ಅಳಿಯನ್ನ ಒಪ್ಪಿದ್ದು ಐದನೇದರಲ್ಲಿ, ನಾಲ್ಕನೇದರಲ್ಲಿ ಇನ್ನೂ ಬೇಡ ಅಂತಿದ್ರು. ಅವರಮ್ಮ ಸತ್ತಾಗ ಮನೇಲಿ ಒಂದು ಹನಿ ಕಣ್ಣೀರು ಬರಲಿಲ್ಲ. ತಿಂಗಳಾದ ಮೇಲೆ ಸೈಕಲ್ ಅಂಗಡಿ ಮುಂದೆ ಇಳಿಸಿದಾಗ ದೊಡ್ಡಪ್ಪನ ಮೇಲೆ ತಲೆ ಇಟ್ಟು ಹೋ ಅಂತ ಅತ್ರು. “ಯಾಕ್ರೀ ವಾರಿಜಮ್ಮ, ಈ ವಯಸ್ಸಲ್ಲಿ ಆ ಪೆಟ್ಟಿಗೆ ಹೊರ್ತೀರಿ?” ಅಂತ ಜನ ಕೇಳ್ತಾರೆ. ಹೋಳಿಗೆ ಊಟಕ್ಕೆ ಅಂತೀನಿ. ಹೋಳಿಗೇನ ಮನೇಲೂ ಮಾಡ್ಕೋಬಹುದು, ನನಗೇನು ಬರಲ್ವಾ?

ಈ ಸಲ ಆಷಾಢ ಹಿಡಿದ ಎರಡನೇ ದಿನ ಬಚ್ಚಲಲ್ಲಿ ಚೊಂಬು ತಗೊಳ್ಳೋಕೆ ಬಗ್ಗಿದ ಮನುಷ್ಯ ಹಾಗೇ ಉಳಿದ್ರು. ನೆಟ್ಟಗೆ ಮಾಡೋಕೆ ನಾನು, ಪಕ್ಕದ ಮನೆ ಲೀಲಕ್ಕ, ಅವರ ಯಜಮಾನ್ರು ಮೂರು ಜನ ಬೇಕಾಯ್ತು. ಡಾಕ್ಟರು ಬೆನ್ನಿನ ಫೋಟೋ ತೆಗೆಸಿ ನೋಡಿ, “ಇನ್ನೊಂದು ಸಲ ಭಾರ ಎತ್ತಿದ್ರೆ ನಿಮ್ಮನ್ನೇ ಹಾಸಿಗೆಯಿಂದ ನಾಲ್ಕು ಜನ ಎತ್ತಬೇಕಾಗುತ್ತೆ” ಅಂದ್ರು. ಇವರು “ಹ್ಞೂಂ” ಅಂದ್ರು. ಮನೆಗೆ ಬಂದು ಗಿಟಾರನ್ನ ಮಡಿಲಲ್ಲಿ ಇಟ್ಕೊಂಡು ಸುಮ್ಮನೆ ಕೂತ್ರು. ನಾಲ್ಕು ದಿನ ಉಪ್ಪನ್ನೂ ಕೇಳಲಿಲ್ಲ.

ಆಮೇಲೆ ಇವರು ನನಗೆ ಹೇಳದೆ ತರಿಸಿದ ಒಂದು ಪಾರ್ಸೆಲ್ ಬಂತು. ಹುಣಸೆಮರದಿಂದ ಅಂಚೆಯವನು ಕಂಕುಳಲ್ಲಿ ಇಟ್ಕೊಂಡು ಬಂದ. ಬಿಚ್ಚಿದ್ರೆ ಟಿಫಿನ್ ಡಬ್ಬದಷ್ಟು ಒಂದು ಕಪ್ಪು ಪೆಟ್ಟಿಗೆ, ಹಿಂದೆ ಪುಟ್ಟ ಫ್ಯಾನು, ಮುಂದೆ ನಾಲ್ಕು ತಿರುಪು, ಸದ್ದು ಅತಿ ಆದ್ರೆ ಮಿನುಗೋಕೆ ಒಂದು ಕೆಂಪು ದೀಪ. ಆಂಪ್ಲಿಫೈಯರಂತೆ. ದೊಡ್ಡಪ್ಪನ ಎರಡರಷ್ಟು ಬಲವಂತೆ. ತೂಕ ಎರಡೂವರೆ ಕಿಲೋ. ಇವರು ಅದನ್ನ ಕಿರುಬೆರಳಿಂದ ಎತ್ತಿ ತೋರಿಸಿದ್ರು. ನಾನು ತಿರುಗಿಸಿ ತಿರುಗಿಸಿ ನೋಡಿದೆ. ಹಿಡಿ ಅಂತ ಒಂದೇ ಒಂದಿತ್ತು, ಮೇಲುಗಡೆ, ನಡುಮಧ್ಯೆ. ನನಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. “ಇದರೊಳಗೆ ಏನೂ ಇಲ್ಲ. ಮೋಸ ಹೋಗಿದ್ದೀರಿ” ಅಂದೆ. ಅವರು ಕಿವಿ ಹತ್ತಿರ ಇಟ್ಕೊಂಡು ಅಲ್ಲಾಡಿಸಿ ನೋಡಿದ್ರು. “ಟ್ರಾನ್ಸ್‌ಫಾರ್ಮರ್ ಹಾಕಿಲ್ಲ. ಈಗ ಅದಿಲ್ಲದೇನೇ ಮಾಡ್ತಾರೆ” ಅಂದ್ರು. ಮನೆಯೊಳಗೆ ಅವರು ಅಷ್ಟುದ್ದ ಮಾತಾಡಿದ್ದೇ ಮೊದಲು. ಅಷ್ಟು ಖುಷಿಯಾಗಿದ್ರು.

ಹೊಸ ಆಂಪ್ಲಿಫೈಯರನ್ನ ಹಾಗೇ ಮದುವೆಗೆ ಒಯ್ಯೋಕಾಗಲ್ಲ. ಏಳಿಸೋ ಸಮಿತಿ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೀಬೇಕು. ಸಮಿತಿ ಅಧ್ಯಕ್ಷರು ಶಾಮಿಯಾನದ ಕಾಳಿಂಗಯ್ಯನವರು. ಅವರ ಗಂಟಲು ಹುಟ್ಟಾ ದಪ್ಪ, ಹಾಗಾಗಿ ಊರಿನ ಒಳ್ಳೇದಕ್ಕೆ ಅಂತ ಕೀಚಲು ದನಿಯಲ್ಲೇ ಮಾತಾಡ್ತಾರೆ. ಕೋಪ ಬಂದು ಮರೆತ್ರೆ ಮಾತ್ರ ಎದುರಿಗಿರೋರು ಎರಡು ಬೆರಳು ಎದ್ದು ಇಳೀತಾರೆ. ಪುಸ್ತಕ ಬರೆಯೋರು ಗುಮಾಸ್ತೆ ಹಸನ್ ಸಾಬ್ರು. ಅಕ್ಷರ ಮುತ್ತಿನ ಹಾಗೆ, ಅದರಲ್ಲಿ ಒಂದು ಚಿತ್ತು ಇಲ್ಲ. ಪರೀಕ್ಷೆ ದಿನ ಅವರು ಬೆಲ್ಟಿಂದ ತಮ್ಮನ್ನ ಕಿಟಕಿಗೆ ಕಟ್ಕೊಂಡು ಬರೀತಾರೆ. ಕಾಳಿಂಗಯ್ಯನವರು ಕಟ್ಕೊಳ್ಳಲ್ಲ, ಅಧ್ಯಕ್ಷರಾದವರಿಗೆ ಅದು ಮರ್ಯಾದೆ ಅಲ್ಲವಂತೆ.

ಆಷಾಢದ ಕೊನೇ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಖಾಲಿ ಛತ್ರದಲ್ಲಿ ಪರೀಕ್ಷೆ. ಸ್ನಾನ ಮಾಡಿ ಜಡೆ ಹಾಕ್ಕೊಳ್ಳುವಾಗಲೇ ನಾನು ಲೆಕ್ಕ ಹಾಕಿದ್ದೆ. ಇದು ಪಾಸಾದ್ರೆ ಎಡಗಡೆ ಹಿಡಿ ಹೋಯ್ತು. ಅವರು ಅದನ್ನ ಕೈಚೀಲದಲ್ಲಿ ಹಾಕ್ಕೊಂಡು ಒಬ್ಬರೇ ಹೋಗಿ ಒಬ್ಬರೇ ಬರ್ತಾರೆ, ಎಲ್ಲೂ ಇಳಿಸೋ ಅಗತ್ಯವೇ ಇಲ್ಲ. ನಾನು ಮನೇಲಿ ಕೂತು “ಉಪ್ಪು”, “ಹ್ಞೂಂ” ಕೇಳ್ಕೊಂಡು ಮುದುಕಿ ಆಗ್ಬೇಕು. ಇದು ಫೇಲಾದ್ರೆ? ದೊಡ್ಡಪ್ಪನ್ನ ನನ್ನ ಕಡೆಗೆ ವಾಲಿಸಿ ಹಿಡಿದು ಭಾರ ನಾನೇ ತಗೊಂಡ್ರಾಯ್ತು. ಏಳು ಕಡೆ ಬದಲು ಹದಿನಾಲ್ಕು ಕಡೆ ಇಳಿಸಿದ್ರಾಯ್ತು. ಹದಿನಾಲ್ಕು ಕಡೆ! ಎಷ್ಟು ಮಾತಾಡಬಹುದು! ಅವರ ಬೆನ್ನಿನ ಬಗ್ಗೆ ಡಾಕ್ಟರು ಹೇಳಿದ್ದು ಕಿವಿಯಲ್ಲಿ ಇತ್ತು, ಆದ್ರೆ ನಾನು ಬಾಚಣಿಗೆ ಜೋರಾಗಿ ಎಳ್ಕೊಂಡೆ.

ಪರೀಕ್ಷೇಲಿ ಮೊದಲು ತೂಕ. ತರಕಾರಿ ತಕ್ಕಡೀಲಿ ಇಟ್ರು. ಕಾಳಿಂಗಯ್ಯನವರು ಕನ್ನಡಕ ಹಣೆಗೇರಿಸಿ, “ಏನಯ್ಯಾ ದೇವೇಂದ್ರಪ್ಪ, ಇದು ಆಂಪ್ಲಿಫೈಯರೋ ಅದರ ಮರಿಯೋ? ತನ್ನನ್ನೇ ತಾನು ಎತ್ಕೊಂಡು ಹೋಗಿಬಿಟ್ರೆ?” ಅಂದ್ರು. ನಮ್ಮನೆಯವರು ವೈರು ಸಿಕ್ಕಿಸಿದ್ರು. ಆಮೇಲೆ ಬಿಸಿ. ಸಣ್ಣ ದನಿಯಲ್ಲಿ ಅರ್ಧ ಗಂಟೆ ನುಡಿಸಿ ಮೈ ಮುಟ್ಟಿ ನೋಡ್ಬೇಕು. ದೊಡ್ಡಪ್ಪನಾಗಿದ್ರೆ ಅಷ್ಟು ಹೊತ್ತಿಗೆ ಮೇಲೆ ಕಾಫಿ ಲೋಟ ಇಟ್ಟು ಬಿಸಿ ಮಾಡ್ಕೋಬಹುದಿತ್ತು. ಇದು ತಣ್ಣಗಿತ್ತು, ಫ್ಯಾನು ಸುಯ್ ಅಂತಿತ್ತು ಅಷ್ಟೇ. ಆಮೇಲೆ ಅಕ್ಕಿ ಮೂಟೆ. ಅರ್ಧ ತಿರುವಿಗೇ ಮೂಟೆ ಎದ್ತು, ಹಿಂದಿನ ಮದುವೇಲಿ ಬಿದ್ದಿದ್ದ ಹೂವಿನ ಪಕಳೆಗಳೂ ಮೂಲೆಯಿಂದ ಎದ್ದು ತಿರುಗಾಡಿದ್ವು. ಸ್ವರ ಎಲ್ಲೂ ಒಡೀಲಿಲ್ಲ, ಕೆಂಪು ದೀಪ ಮಿನುಗಲಿಲ್ಲ.

ಕೊನೇಗೆ ಮನುಷ್ಯರ ಪರೀಕ್ಷೆ. ಕುರ್ಚಿ ಮೇಲೆ ಕೂರೋರು ನುಡಿಸೋರ ಮನೆಯವರೇ ಆಗಿರಬೇಕು, ಬಿದ್ರೆ ಅವರ ಮನೆಯವರೇ ಬೀಳ್ಲಿ ಅಂತ ಹಿರಿಯರು ಮಾಡಿಟ್ಟಿದ್ದು. ಹಸನ್ ಸಾಬ್ರು ಎದ್ದು ನಿಂತು ನಿಯಮ ಓದಿದ್ರು. ಸ್ವರ ನುಡಿದಾಗ ನೋಡೋರೂ ಏಳೋದ್ರಿಂದ ನೋಡೋರ ಕಣ್ಣು ನಂಬೋ ಹಾಗಿಲ್ಲ, ಕೂತವರ ಮಾತೇ ಕೊನೆ. ಎದ್ದೆ ಅಂದ್ರೆ ಎದ್ದ ಹಾಗೆ, ಇಲ್ಲ ಅಂದ್ರೆ ಇಲ್ಲದ ಹಾಗೆ. ಒಂದು ಸಲ ಫೇಲಾದ ಪೆಟ್ಟಿಗೆ ಮತ್ತೆ ಪರೀಕ್ಷೆಗೆ ಬರೋ ಹಾಗಿಲ್ಲ. ಕೂತವರು ಸುಳ್ಳು ಹೇಳಿದ್ದು ಗೊತ್ತಾದ್ರೆ ಒಂದು ವರ್ಷ ಊರಿನ ಯಾವ ಛತ್ರದ ಮೆಟ್ಟಿಲೂ ಹತ್ತೋ ಹಾಗಿಲ್ಲ. “ಅರ್ಥ ಆಯ್ತಾಮ್ಮ?” ಅಂದ್ರು. ಆಯ್ತು ಅಂದೆ. ನನಗೆ ಅರ್ಥ ಆಗಿದ್ದು ‘ಇಲ್ಲ ಅಂದ್ರೆ ಇಲ್ಲದ ಹಾಗೆ’ ಅನ್ನೋದು ಮಾತ್ರ.

ಕೂತೆ. ನಮ್ಮನೆಯವರು ಕಣ್ಣು ಮುಚ್ಚಿದ್ರು, ಮೀಟಿದ್ರು. ಅಯ್ಯೋ ದೇವರೇ, ಹೇಗೆ ಹೇಳಲಿ! ಹೆಂಚಿನ ಮೇಲೆ ರೊಟ್ಟಿ ಉಬ್ಬುತ್ತಲ್ಲ, ಹಾಗೆ ಎದ್ದೆ, ಕುರ್ಚಿ ಸಮೇತ. ದೊಡ್ಡಪ್ಪ ಎತ್ತುವಾಗ ಜೋಡಿಗಳು ಒಂಚೂರು ಅದುರ್ತಾರೆ, ಹುಡುಗೀರು ಮಾಂಗಲ್ಯ ಹಿಡ್ಕೋತಾರೆ. ಇದರಲ್ಲಿ ಅದುರೋದು ಅಂತ ಇರಲೇ ಇಲ್ಲ. ಒಂದು ಗೇಣು, ಎರಡು ಗೇಣು. ಮಂಡಿ ನೋವು ಎಲ್ಲಿ ಹೋಯ್ತೋ. ಇಷ್ಟು ವರ್ಷ ನಾನು ಕೆಳಗೆ ನಿಂತು ಎಣಿಸ್ತಿದ್ದಿದ್ದು ಇದನ್ನಾ ಅಂತ ಅಳು ಬಂದ ಹಾಗಾಯ್ತು.

“ಎದ್ದಿರೇನಮ್ಮಾ?” ಅಂತ ಕಾಳಿಂಗಯ್ಯನವರು ಕೀಚಲು ದನಿಯಲ್ಲಿ ಕೇಳಿದ್ರು. ಅವರು ಆಗಲೇ ನೆಲ ಬಿಟ್ಟು ಬೋರಲಾಗಿ, ಒಂದು ಕೈಲಿ ಮೇಜು, ಇನ್ನೊಂದು ಕೈಲಿ ಪಂಚೆ ಹಿಡ್ಕೊಂಡಿದ್ರು. “ಇಲ್ಲ” ಅಂದೆ. “ಇಲ್ವಾ?” “ಇಲ್ಲ. ನೆಲದ ಮೇಲೇ ಇದ್ದೀನಿ.” “ನಿಮ್ಮ ಕಾಲುಂಗುರ ನನ್ನ ಮೂಗಿನ ಮುಂದಿದೆಯಲ್ಲಮ್ಮಾ!” “ನೀವೇ ಬಗ್ಗಿದ್ದೀರಿ ಅನ್ಸುತ್ತೆ” ಅಂದೆ. ಅವರು ಗೊಂದಲಕ್ಕೆ ಬಿದ್ದು ಸುತ್ತ ನೋಡ್ಕೊಂಡ್ರು. ಸಮಿತಿಯ ಇನ್ನು ಮೂರು ಜನ ಸದಸ್ಯರು ಮೂರು ಎತ್ತರದಲ್ಲಿದ್ರು, ಯಾರನ್ನ ನೋಡಿ ಅಳೀತೀರಿ? ಹಸನ್ ಸಾಬ್ರು ತಲೆ ಎತ್ತದೆ, ಕೇಳಿದ್ದನ್ನ ಕೇಳಿದ ಹಾಗೇ ಬರೆದ್ರು: ‘ಏಳಲಿಲ್ಲ.’

ಅಲ್ಲಿಗೆ ಮುಗೀಬೇಕಿತ್ತು. ನಾನು ನಮ್ಮನೆಯವರ ಕಡೆ ನೋಡಬಾರದಾಗಿತ್ತು. ಇಪ್ಪತ್ತಾರು ವರ್ಷ ಅವರ ಬೆನ್ನ ಹಿಂದೆ ನಿಂತಿದ್ದವಳು ನಾನು, ನುಡಿಸುವಾಗ ಅವರ ಮುಖ ಸರಿಯಾಗಿ ನೋಡಿದವಳೇ ಅಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿದ್ರು, ಹಣೆ ತುಂಬ ಬೆವರು. ಅಂಗಿ ಕೆಳಗೆ ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದುಕೊಂಡಿದ್ರು. ಅದನ್ನ ಯಾವಾಗ ತಂದ್ರೋ, ನನಗೆ ಹೇಳಿರಲಿಲ್ಲ. ನನ್ನ “ಇಲ್ಲ” ಕೇಳಿ ಅವರ ಮುಖ ಮಂಕಾಯ್ತು. ಕಾಳಿಂಗಯ್ಯನವರು, “ಕಣ್ಣು ಬಿಟ್ಟು ನೋಡಯ್ಯಾ, ನಿನ್ನ ಹೆಂಡ್ತಿ ಮೇಲಿದ್ದಾರೆ!” ಅಂತ ಕೀಚಿದ್ರು. ಇವರು ಕಣ್ಣು ಬಿಡಲಿಲ್ಲ. “ಅವಳು ಇಲ್ಲ ಅಂದ್ರೆ ಇಲ್ಲ ಸ್ವಾಮಿ. ಅವಳು ಹೇಳಿದ್ದನ್ನೇ ನಾನು ಇಷ್ಟು ವರ್ಷ ನಂಬಿರೋದು” ಅಂದ್ರು. ತಿರುಪಿಗೆ ಕೈ ಹಾಕಿ ಇನ್ನೊಂದು ಸುತ್ತು ತಿರುಗಿಸಿ, “ಈಗ ನೋಡು ವಾರಿಜಾ. ಈಗ್ಲಾದ್ರೂ ಎದ್ಯಾ?” ಅಂತ ಕೇಳಿದ್ರು.

ನನ್ನ ತಲೆ ಸೀಲಿಂಗ್ ಫ್ಯಾನಿನ ಸರಳಿಗೆ ತಾಗಿತ್ತು. ಥೂ ನನ್ನ ಜನ್ಮಕ್ಕೆ ಅನ್ನಿಸ್ತು. ಈ ಮನುಷ್ಯ ಕಣ್ಣು ಬಿಟ್ಟು ನೋಡಿದ್ರೆ ಮುಗೀತಿತ್ತು, ನೋಡೋದೇ ಇಲ್ಲ ಅಂತಾರಲ್ಲ! ಇದು ಫೇಲಾದ್ರೆ ನಾಳೆ ಆ ಪಟ್ಟಿ ಬಿಗಿದುಕೊಂಡೇ ದೊಡ್ಡಪ್ಪನ ಬಲಗಡೆ ಹಿಡಿಗೆ ಕೈ ಹಾಕ್ತಾರೆ, ನಾನು ಎಷ್ಟು ವಾಲಿಸಿ ಹಿಡಿದ್ರೂ ಅವರು ತಮ್ಮ ಕಡೆಗೇ ಎಳ್ಕೋತಾರೆ. ನನಗೆ ಗೊತ್ತಿಲ್ವಾ ಅವರು? “ಎದ್ದಿದ್ದೀನಿ ಕಣ್ರೀ, ಇಳಿಸಿ! ತಲೆ ಒಡೆಯುತ್ತೆ!” ಅಂತ ಕೂಗಿದೆ.

ಎಲ್ಲರೂ ನೆಲಕ್ಕೆ ಬಂದ್ವಿ. ಕಾಳಿಂಗಯ್ಯನವರು ಪಂಚೆ ಸರಿ ಮಾಡ್ಕೊಂಡ್ರು. ನಾನು ಹಸನ್ ಸಾಬ್ರ ಮೇಜಿನ ಹತ್ತಿರ ಹೋಗಿ, “ಅದನ್ನ ಹೊಡೆದು ಹಾಕಿ, ಎದ್ದೆ ಅಂತ ಬರ್ಕೊಳಿ” ಅಂದೆ. ಅವರು ಮೊದಲನೇ ಸಲ ಪುಸ್ತಕದಿಂದ ತಲೆ ಎತ್ತಿದ್ರು. “ಈ ಪುಸ್ತಕದಲ್ಲಿ ಹೊಡೆದು ಹಾಕೋದು ಇಲ್ಲಮ್ಮ. ಕೆಳಗೆ ಇನ್ನೊಂದು ಸಾಲು ಬರೀಬಹುದು. ಅದಕ್ಕೆ ನೀವು, ಮೊದಲು ಹೇಳಿದ್ದು ಸುಳ್ಳು ಅಂತ ನಿಮ್ಮ ಬಾಯಲ್ಲೇ ಹೇಳ್ಬೇಕು. ಹೇಳಿದ್ರೆ ಏನಾಗುತ್ತೆ ಅಂತ ಆಗಲೇ ಓದಿದ್ದೀನಿ.” ಆಮೇಲೆ ದನಿ ತಗ್ಗಿಸಿ, “ಯೋಚನೆ ಮಾಡಿ ತಾಯಿ, ಒಂದು ವರ್ಷ ಅಂದ್ರೆ ಸುಮ್ಮನೆ ಅಲ್ಲ” ಅಂದ್ರು. ನಗು ಬಂತು ನನಗೆ. ಛತ್ರಕ್ಕೆ ಹೋಗೋ ದಾರಿ ಉಳಿಸ್ಕೊಳ್ಳೋಕೆ ಸುಳ್ಳು ಹೇಳಿದ್ದು, ಈಗ ಅವರ ಬೆನ್ನು ಉಳೀಬೇಕು ಅಂದ್ರೆ ಛತ್ರದ ಮೆಟ್ಟಿಲೇ ಬಿಡ್ಬೇಕು. “ಬರ್ಕೊಳಿ. ನಾನು ಸುಳ್ಳು ಹೇಳಿದೆ” ಅಂದೆ. “ಸುಳ್ಳಾ!” ಅಂತ ಕಾಳಿಂಗಯ್ಯನವರು ತಮ್ಮ ಸ್ವಂತ ಗಂಟಲಲ್ಲಿ ಗುಡುಗಿದ್ರು. ಎಲ್ಲರೂ ಇನ್ನೊಂದು ಸಲ ಎದ್ದು ಇಳಿದ್ವಿ.

ಪೆಟ್ಟಿಗೆ ಪಾಸು, ನನಗೆ ಒಂದು ವರ್ಷ. ಮನೆಗೆ ವಾಪಸ್ ಬರುವಾಗ ಅವರು ಒಂದು ಕೈಲಿ ಎರಡೂವರೆ ಕಿಲೋ ಹಿಡ್ಕೊಂಡು ಮುಂದೆ ನಡೀತಿದ್ರು. ಸೈಕಲ್ ಅಂಗಡಿ ಮುಂದೆ ನನ್ನ ಕಾಲು ತಾನಾಗೇ ನಿಂತ್ಕೊಂತು. ಅವರು ಹತ್ತು ಹೆಜ್ಜೆ ಹೋಗಿ, ಪಕ್ಕದಲ್ಲಿ ಯಾರೂ ಇಲ್ಲ ಅಂತ ನೋಡಿ, ವಾಪಸ್ ಬಂದ್ರು. “ಯಾಕೆ ಹಾಗೆ ಹೇಳ್ದೆ?” ಅಂತ ಕೇಳಿದ್ರು. ನನಗೆ ರೇಗಿಹೋಯ್ತು. “ಯಾಕೆ ಅಂದ್ರೆ? ನಿಮ್ಮ ಜೊತೆ ಮಾತಾಡೋಕೆ ನನಗೆ ಬೇರೆ ಜಾಗ ಎಲ್ಲಿದೆ? ಮನೇಲಿ ಗೋಡೆ ಜೊತೆ ಮಾತಾಡ್ಲಾ? ಈ ದರಿದ್ರ ಡಬ್ಬಕ್ಕೆ ಒಂದೇ ಹಿಡಿ, ನೋಡಿದ್ರಾ ನೀವು? ನಾನು ನೋಡ್ದೆ, ಬಿಚ್ಚಿದ ದಿನವೇ ನೋಡ್ದೆ” ಅಂದೆ. ಸೈಕಲ್ ಅಂಗಡಿಯವರು ಪಂಪ್ ಹೊಡೆಯೋದು ನಿಲ್ಲಿಸಿ ಕೇಳಿಸ್ಕೊಂಡ್ರು. ನಮ್ಮನೆಯವರು ಪೆಟ್ಟಿಗೆ ಎತ್ತಿ ಅದರ ಹಿಡಿ ನೋಡಿದ್ರು. ಆಮೇಲೆ “ಹ್ಞೂಂ” ಅಂದ್ರು. ಅಷ್ಟೇ! ನಾನು ಮನೆ ತನಕ ಅವರಿಗಿಂತ ಮುಂದೆ ನಡೆದೆ.

ಶ್ರಾವಣದ ಮೊದಲ ಮದುವೆಗೆ ಅವರು ಒಬ್ಬರೇ ಹೊರಟ್ರು. ಗಿಟಾರ್ ಹೆಗಲಿಗೆ, ಡಬ್ಬ ತರಕಾರಿ ಚೀಲದಲ್ಲಿ. “ಎಣಿಸೋರು ಯಾರು?” ಅಂತ ಕೇಳಿದೆ. “ಕೀಬೋರ್ಡಿನವರು” ಅಂದ್ರು. “ಅವರಿಗೆ ಒಂಬತ್ತರ ತನಕ ಬರುತ್ತಾ?” ಅಂದೆ. ಅವರು ಮೆಟ್ಟಿಲಿಳಿದು ಒಂದು ಗಳಿಗೆ ನಿಂತ್ರು, ಏನೋ ಹೇಳ್ತಾರೆ ಅಂದ್ಕೊಂಡೆ, ಚಪ್ಪಲಿ ಸರಿ ಮಾಡ್ಕೊಂಡು ಹೋದ್ರು. ಅವರು ಬೀದಿ ತಿರುಗೋದಕ್ಕೂ ಮಗಳ ಫೋನ್ ಬರೋದಕ್ಕೂ ಸರಿಹೋಯ್ತು. ಅವಳು ಹೇಳಿದ ಸುದ್ದಿ ಕೇಳಿ ನಾನು ಫೋನ್ ಹಿಡ್ಕೊಂಡೇ ಬಾಗಿಲಿಗೆ ಓಡಿದೆ. ಅವರು ಕಾಣಿಸಲಿಲ್ಲ. ದೊಡ್ಡಪ್ಪನ ಜೊತೆ ಆಗಿದ್ರೆ ಇನ್ನೂ ಮೊದಲನೇ ಕಡೆಯಲ್ಲೇ ಕೂತಿರ್ತಿದ್ವಿ. ಅಷ್ಟು ಖುಷಿ ಸುದ್ದಿನ ಬಾಯೊಳಗೆ ಇಟ್ಕೊಂಡು ಜಗಲಿ ಮೇಲೆ ಮಣೆ ಹಾಕ್ಕೊಂಡು, ಮೊರ ತಗೊಂಡು ಅಕ್ಕಿ ಆರಿಸ್ತಾ ಕೂತೆ. ಅಕ್ಕಿ ಕಾಣ್ತಿರಲಿಲ್ಲ, ಕಲ್ಲೂ ಕಾಣ್ತಿರಲಿಲ್ಲ, ಕಣ್ಣು ಮಂಜಾಗಿತ್ತು.

ಛತ್ರ ನಮ್ಮನೆಯಿಂದ ನಾಲ್ಕು ಬೀದಿ ಆಚೆ. ದೊಡ್ಡಪ್ಪನ ಸ್ವರ ಯಾವತ್ತೂ ಛತ್ರದ ಮೂರನೇ ಸಾಲು ದಾಟಿದ್ದಿಲ್ಲ. ನಾಗಸ್ವರ ಜೋರಾಗಿ, ಆಮೇಲೆ ನಿಂತಿದ್ದು ಕೇಳಿಸ್ತು. ಮೂರನೇ ಗಂಟು ಬಿತ್ತು ಅಂದ್ಕೊಂಡೆ. ಅಷ್ಟರಲ್ಲಿ ಮೊರದಲ್ಲಿ ಅಕ್ಕಿ ಅಲ್ಲಾಡ್ತು. ಒಂದೊಂದೇ ಕಾಳು ಎದ್ದು ನಿಂತ್ವು, ಕಲ್ಲು ಮಾತ್ರ ಮೊರದಲ್ಲೇ ಉಳಿದ್ವು. ಇಷ್ಟು ವರ್ಷ ಕಣ್ಣು ಕಿತ್ಕೊಂಡು ಆರಿಸಿದ್ದೆಲ್ಲ ದಂಡ ಅಂತ ಯೋಚನೆ ಬರೋ ಹೊತ್ತಿಗೆ ಮಣೆ ಸಮೇತ ನಾನೂ ಎದ್ದೆ. ಪಕ್ಕದ ಮನೆ ಲೀಲಕ್ಕ ಬಟ್ಟೆ ತಂತಿ ಹಿಡ್ಕೊಂಡು ಪತಾಕೆ ಥರ ಅಡ್ಡಡ್ಡ ಆಗಿಬಿಟ್ಟಿದ್ರು. “ಯಾರ್ರೀ ಇದು ಮನೆಹಾಳು ಕೆಲಸ! ನನ್ನ ಸಾರು ಒಲೆ ಬಿಟ್ಟು ಎದ್ದೋಯ್ತಲ್ರೀ!” ಅಂತ ಕೂಗ್ತಿದ್ರು. ಬೀದಿ ತುಂಬ ಬೈಗುಳ, ಕೊಡಪಾನ, ಚಪ್ಪಲಿ, ಯಾರದೋ ಮನೆ ಹಸು.

ಒಂಬತ್ತು ಎಣಿಸಿದೆ. ಸ್ವರ ನಿಲ್ಲಲಿಲ್ಲ. ಕೀಬೋರ್ಡಿನವರು ಎಣಿಕೆ ತಪ್ಪಿರಬೇಕು ಅಂದ್ಕೊಂಡೆ. ಹದಿನೈದು ಆಯ್ತು, ಇಪ್ಪತ್ತು ಆಯ್ತು. ಆಗ ಕಿವಿಗೊಟ್ಟು ಕೇಳಿದೆ. ಮದುವೆಗೆ ಮೀಟೋ ಸ್ವರದಲ್ಲಿ ಒಂದು ಬಿಗಿ ಇರುತ್ತೆ, ಪಾಪ ಅವರಿಗೆ ಜೋಡಿ ಎಲ್ಲಿ ಬೀಳುತ್ತೋ ಅನ್ನೋ ಭಯ. ಒಂಬತ್ತಾದ ಮೇಲೆ ಆ ಬಿಗಿ ಹೋಗಿತ್ತು. ಒಂದು ಸಲ ಮೀಟೋದು, ಪೂರ್ತಿ ಆರೋ ಮುಂಚೆ ಇನ್ನೊಂದು ಸಲ ಮೆಲ್ಲಗೆ ಮೀಟೋದು. ಗಂಡು ಹೆಣ್ಣಿಗೆ ಅದರ ಅಗತ್ಯವೇ ಇರಲಿಲ್ಲ, ಅವರ ಮದುವೆ ಆಗಲೇ ಮುಗಿದಿತ್ತು. ಹಾಗಿದ್ರೆ ಇದು ಯಾರಿಗೆ? ನಾನು ಕಾಂಪೌಂಡು ದಾಟಿ, ಲೀಲಕ್ಕನ ಮನೆ ಹಂಚು ದಾಟಿ, ಛತ್ರದ ಮಾಡು ಕಾಣೋ ಎತ್ತರಕ್ಕೆ ಬಂದಿದ್ದೆ. ಕಣ್ಣು ಮುಚ್ಚಿಕೊಳ್ಳಲಿಲ್ಲ ಈ ಸಲ.

“ಲೀಲಕ್ಕ, ಬಯ್ಬೇಡಿ. ಇದು ನಮ್ಮನೆಯವರು, ನನ್ನನ್ನ ಮಾತಿಗೆ ಕರೀತಿರೋದು” ಅಂದೆ. ಲೀಲಕ್ಕ ಬಾಯಿ ಬಿಟ್ಕೊಂಡು ನೋಡಿದ್ರು. ನೋಡ್ಲಿ ಬಿಡಿ, ನಾಚಿಕೆ ಏನು. ಛತ್ರದ ಕಡೆ ತಿರುಗಿ ಕೂತು, ಸೆರಗು ಸರಿ ಮಾಡ್ಕೊಂಡು ಶುರು ಮಾಡಿದೆ. “ಏನೂಂದ್ರೆ, ಮಗಳು ಫೋನ್ ಮಾಡಿದ್ಲು. ಮೂರು ತಿಂಗಳಂತೆ. ಕೇಳಿಸ್ತಾ? ಅಜ್ಜ ಆಗ್ತೀರಿ ಕಣ್ರೀ!” ಅಂತ ನಾಲ್ಕು ಬೀದಿ ಆಚೆಗೆ ಕೂಗಿದೆ. ಆಮೇಲೆ ಕೂಗೋದು ಬಿಟ್ಟು, ಪಕ್ಕದಲ್ಲೇ ಇದ್ದಾರೆ ಅನ್ನೋ ಹಾಗೆ, ಅವಳಿಗೆ ವಾಂತಿ ಜಾಸ್ತಿ ಅಂತ, ಅಳಿಯ ಹೆದರಿಕೊಂಡಿದ್ದಾನೆ ಅಂತ, ಬಾಣಂತನ ಇಲ್ಲೇ ಮಾಡೋಣ ಅಂತ, ಆವತ್ತು ಸುಳ್ಳು ಹೇಳಿದ್ದು ತಪ್ಪಾಯ್ತು ಅಂತ, ನಿಮ್ಮ ಸೊಂಟದ ಪಟ್ಟಿ ರಾತ್ರಿ ಒಗೆದು ಹಾಕಿದ್ದೀನಿ ಅಂತ, ಎಲ್ಲ ಹೇಳಿದೆ. ನಾನು ಹೇಳಿ ಮುಗಿಸೋ ತನಕ ಅವರು ಸ್ವರ ಬಿಡಲಿಲ್ಲ.